ಜಗಲಿಯ ಟಿ.ವಿ.ಗೆ ಇಂಟರ್ನೆಟ್ ಮುಟ್ಟಿಸಿದ ಎರಡೂವರೆ ದಿನ

ಸಾಗರದ ಸಮೀಪವಿರುವ ನಮ್ಮ ಮನೆಯಲ್ಲಿ ಮಳೆಗಾಲದ ಟಿ.ವಿ. ಎಂದರೆ ಅರ್ಧ ಹೊತ್ತು ನೀಲಿ ಪರದೆಯೇ. ಮಳೆ ಜೋರಾದೊಡನೆ ಮಾಡಿನ ಪಕ್ಕದ ಡಿಶ್ ‘ಸಿಗ್ನಲ್ ಇಲ್ಲ’ ಎಂದು ಕೈಚೆಲ್ಲುತ್ತದೆ. ಇದರಲ್ಲಿ ಡಿಶ್ಶಿನ ತಪ್ಪೇನೂ ಇಲ್ಲ. ಡಿಟಿಎಚ್ ಉಪಗ್ರಹಗಳು ಬಳಸುವ ಕೆಯು ಬ್ಯಾಂಡ್ ಅಲೆಗಳು 11-12 ಗಿಗಾಹರ್ಟ್ಸ್ ಆಸುಪಾಸಿನವಾಗಿದ್ದು, ಮಲೆನಾಡಿನ ದಪ್ಪ ಹನಿಗಳ ನಡುವೆ ಹಾದುಬರುವಷ್ಟರಲ್ಲಿ ಕ್ಷೀಣಿಸಿಬಿಡುತ್ತವೆ. ಅಪ್ಪಯ್ಯನಿಗೆ ಸಂಜೆಯ ವಾರ್ತೆ ಬೇಕು, ರಾತ್ರಿ ಒಂದಿಷ್ಟು ಯಕ್ಷಗಾನ ಬೇಕು. ಊರಿಗೆ ಕಳೆದ ವರ್ಷ ಗಾಜಿನ ಎಳೆಯಲ್ಲಿ ಇಂಟರ್ನೆಟ್ ತರುವ ಫೈಬರ್ ಬಂದು 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ವೇಗದ ಸಂಪರ್ಕವನ್ನು ಹಾಕಿಸಿಯೂ ಆಗಿತ್ತು. ಹಾಗಾಗಿ ಜುಲೈಯಲ್ಲಿ ಊರಿಗೆ ಹೋದಾಗ ಟಿ.ವಿ.ಗೆ ಚುಚ್ಚಿದರೆ ಇಂಟರ್ನೆಟ್ಟಿನ ವಿಡಿಯೊಗಳನ್ನು ತೋರಿಸುವ ಪುಟ್ಟ ಸಾಧನವಾದ ಸ್ಟ್ರೀಮಿಂಗ್ ಸ್ಟಿಕ್ಕೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಒಂದು ಗಂಟೆಯ ಕೆಲಸವೆಂದು ನನ್ನ ಎಣಿಕೆಯಾಗಿತ್ತು. ಅದಕ್ಕೆ ಎರಡೂವರೆ ದಿನ ಹಿಡಿಯಿತು. ಮೊದಲ ಬಾರಿಗೆ ಈ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗಲೆಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಇದ್ದ ಸಾಮಗ್ರಿ ಇಷ್ಟು: ಜಗಲಿಯ ಗೋಡೆಗೆ ತೂಗುಹಾಕಿರುವ 32 ಇಂಚಿನ ಹಳೆಯ ಎಲ್‌ಇಡಿ ಟಿ.ವಿ., ಅದರ ಬೆನ್ನಿನಲ್ಲಿ ಚಿತ್ರ, ಧ್ವನಿ ಎರಡೂ ಒಳಬರುವ ಎಚ್‌ಡಿಎಂಐ ಪೋರ್ಟ್ ಎರಡು, ಒಂದು ಯುಎಸ್‌ಬಿ ಪೋರ್ಟ್. ಅದು ಸ್ಮಾರ್ಟ್ ಟಿ.ವಿ. ಅಲ್ಲ. ಹೊಸ ಸ್ಮಾರ್ಟ್ ಟಿ.ವಿ.ಯನ್ನೇ ಕೊಂಡುಬಿಡು ಎಂದು ಹೇಳಿದವರು ಹಲವರು. ನನ್ನ ಅಭಿಪ್ರಾಯ ಬೇರೆ. ಟಿ.ವಿ.ಯ ಪರದೆ ಹತ್ತು ವರ್ಷ ಸುಖವಾಗಿ ಬಾಳುತ್ತದೆ, ಆದರೆ ಅದರೊಳಗಿನ ಸಾಫ್ಟ್‌ವೇರ್ ನಾಲ್ಕೈದು ವರ್ಷಕ್ಕೇ ಮುದಿಯಾಗಿ ಆ್ಯಪ್‌ಗಳು ಒಂದೊಂದಾಗಿ ಓಡಲು ನಿರಾಕರಿಸುತ್ತವೆ. ಸ್ಟಿಕ್ಕಾದರೆ ಹಳತನ್ನು ಕಿತ್ತು ಹೊಸತನ್ನು ಚುಚ್ಚಿದರಾಯಿತು. ಫೈರ್ ಟಿ.ವಿ. ಬಗೆಯದೋ ಗೂಗಲ್ ಟಿ.ವಿ. ಬಗೆಯದೋ ಎಂಬುದು ಮನೆಯವರ ಅಭ್ಯಾಸಕ್ಕೆ ಬಿಟ್ಟ ವಿಚಾರ. ಆಂಡ್ರಾಯ್ಡ್ ಫೋನಿಗೆ ಒಗ್ಗಿದ ಅಪ್ಪಯ್ಯನಿಗಾಗಿ ನಾನು ಎರಡನೆಯದನ್ನು ಆರಿಸಿದೆ. ನಿಮ್ಮ ಟಿ.ವಿ.ಯಲ್ಲಿ ಎಚ್‌ಡಿಎಂಐ ಇಲ್ಲದೆ ಕೆಂಪು, ಬಿಳಿ, ಹಳದಿ ಬಣ್ಣದ ಎವಿ ಪೋರ್ಟ್‌ಗಳು ಮಾತ್ರ ಇದ್ದರೆ ಪರಿವರ್ತಕ ಬೇಕಾಗುತ್ತದೆ. ಅಗ್ಗದ ಪರಿವರ್ತಕಗಳಲ್ಲಿ ಎಚ್‌ಡಿಸಿಪಿ ಎಂಬ ನಕಲು ತಡೆಯುವ ವ್ಯವಸ್ಥೆಗೆ ಬೆಂಬಲವಿಲ್ಲದಿದ್ದರೆ ಹಣ ಕೊಟ್ಟು ನೋಡುವ ಆ್ಯಪ್‌ಗಳಲ್ಲಿ ಧ್ವನಿ ಬಂದರೂ ಚಿತ್ರದ ಜಾಗದಲ್ಲಿ ಕಪ್ಪು ಕಾಣಿಸುವುದುಂಟು.

ಶನಿವಾರ ಬೆಳಿಗ್ಗೆ

ಟಿ.ವಿ. ಗೋಡೆಗೆ ಅಂಟಿಕೊಂಡಂತೆ ಇದ್ದುದರಿಂದ ಸ್ಟಿಕ್ ನೇರವಾಗಿ ಪೋರ್ಟಿನೊಳಗೆ ಕೂರಲಿಲ್ಲ. ಪೆಟ್ಟಿಗೆಯಲ್ಲೇ ಬಂದಿದ್ದ ಗೇಣುದ್ದಕ್ಕಿಂತ ಚಿಕ್ಕದಾದ ಎಚ್‌ಡಿಎಂಐ ತುಂಡನ್ನು ನಡುವೆ ಸೇರಿಸಬೇಕಾಯಿತು. ಜಾಗವಿದ್ದವರೂ ಇದನ್ನು ಬಳಸುವುದು ಒಳ್ಳೆಯದು, ಏಕೆಂದರೆ ಟಿ.ವಿ.ಯ ಲೋಹದ ಬೆನ್ನಿನಿಂದ ಸ್ಟಿಕ್ ಸ್ವಲ್ಪ ದೂರ ಸರಿದಷ್ಟೂ ಅದಕ್ಕೆ ವೈ-ಫೈ ಸುಲಭವಾಗಿ ಸಿಗುತ್ತದೆ.

ಮೊದಲ ತಪ್ಪನ್ನು ಅಲ್ಲಿಯೇ ಮಾಡಿದೆ. ಸ್ವಿಚ್ ಬೋರ್ಡಿನಿಂದ ಇನ್ನೊಂದು ವೈರ್ ಇಳಿಬಿಡುವುದು ಕಣ್ಣಿಗೆ ಚೆನ್ನಾಗಿರುವುದಿಲ್ಲವೆಂದು ಸ್ಟಿಕ್ಕಿನ ವಿದ್ಯುತ್ ವೈರನ್ನು ಟಿ.ವಿ.ಯ ಯುಎಸ್‌ಬಿ ಪೋರ್ಟಿಗೇ ಚುಚ್ಚಿದೆ. ಲೋಗೊ ಮೂಡಿತು, ಭಾಷೆ ಆರಿಸುವ ಪರದೆ ಬಂತು, ವೈ-ಫೈ ಹುಡುಕಲು ಆರಂಭಿಸಿದೊಡನೆ ಕಪ್ಪಾಗಿ ಮತ್ತೆ ಲೋಗೊ. ಹೀಗೆ ನಾಲ್ಕು ಬಾರಿ ಆಯಿತು. ಸ್ಟಿಕ್ಕೇ ಕೆಟ್ಟದ್ದೆಂದು ತಿಳಿದು ಮರಳಿಸುವ ವಿಚಾರಕ್ಕೂ ಬಂದಿದ್ದೆ. ಲೆಕ್ಕ ಹಾಕಿದಾಗ ಕಾರಣ ಗೊತ್ತಾಯಿತು. ಹಳೆಯ ಟಿ.ವಿ.ಯ ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 5 ವೋಲ್ಟಿನಲ್ಲಿ 500 ಮಿಲಿ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಸ್ಟಿಕ್ಕಿನ ಜೊತೆ ಬಂದ ಅಡಾಪ್ಟರ್ ಅದರ ದುಪ್ಪಟ್ಟಿಗೂ ಹೆಚ್ಚು ಕೊಡುವಂಥದ್ದು. ಪರದೆ ಸುಮ್ಮನಿರುವಾಗ ಹೇಗೋ ಸಾಲುವ ವಿದ್ಯುತ್ತು ವೈ-ಫೈ ರೇಡಿಯೊ ಎದ್ದೊಡನೆ ಸಾಲದೆ ಸ್ಟಿಕ್ ಕುಸಿದು ಬೀಳುತ್ತಿತ್ತು. ಅದರದೇ ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೆ ಹಾಕಿದ ಮೇಲೆ ಈ ಕಾಟ ಮತ್ತೆ ಬಂದಿಲ್ಲ. ಇಳಿಬಿದ್ದ ವೈರಿನ ಬಗ್ಗೆ ಯಾರೂ ಏನನ್ನೂ ಹೇಳಲಿಲ್ಲ ಎಂಬುದೂ ನಿಜ.

ಖಾತೆ ಜೋಡಿಸುವಾಗ ರಿಮೋಟಿನಿಂದ ಒಂದೊಂದೇ ಅಕ್ಷರ ಒತ್ತುತ್ತ ಕೂರಬೇಕಾಗಿಲ್ಲ. ಪರದೆಯ ಮೇಲೆ ಬರುವ ಕ್ಯೂಆರ್ ಚಿತ್ರಕ್ಕೆ ಫೋನಿನ ಕ್ಯಾಮೆರಾ ಹಿಡಿದರೆ ಉಳಿದದ್ದೆಲ್ಲ ಫೋನಿನಲ್ಲೇ ಮುಗಿಯುತ್ತದೆ. ಖಾತೆ ಯಾರದ್ದಿರಬೇಕು ಎಂಬುದನ್ನು ಮಾತ್ರ ಮೊದಲೇ ಯೋಚಿಸಿಕೊಳ್ಳಬೇಕು. ನನ್ನ ಖಾತೆ ಹಾಕಿದ್ದರೆ ಅಪ್ಪಯ್ಯ ನೋಡಿದ ಪ್ರಸಂಗಗಳೆಲ್ಲ ಬೆಂಗಳೂರಿನ ನನ್ನ ಫೋನಿನಲ್ಲೂ, ನಾನು ನೋಡಿದ್ದೆಲ್ಲ ಜಗಲಿಯಲ್ಲೂ ಬಂದು ಕೂರುತ್ತಿದ್ದವು. ಅಪ್ಪಯ್ಯನ ಫೋನಿನಲ್ಲಿದ್ದ ಖಾತೆಯನ್ನೇ ಹಾಕಿದೆ. ಆನಂತರ ಸ್ಟಿಕ್ ತನ್ನ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳುವವರೆಗೆ ಅದನ್ನು ಮುಟ್ಟದೆ ಬಿಡುವುದು ಲೇಸು. ನಾವು ಅಷ್ಟರಲ್ಲಿ ಊಟ ಮುಗಿಸಿದೆವು.

ಗೋಡೆಯೊಡನೆ ಜಗಳ

ಊಟದ ನಂತರ ಅಪ್ಪಯ್ಯ ಆರಾಮ ಕುರ್ಚಿಯಲ್ಲಿ ಕುಳಿತರು, ಅಮ್ಮ ಅಡಿಕೆ ತಟ್ಟೆಯೊಡನೆ ಬಂದರು. ಬಡಗುತಿಟ್ಟಿನ ಒಂದು ಆಟದ ನೇರ ಪ್ರಸಾರವನ್ನು ಹಾಕಿದೆ. ಭಾಗವತರು ಎರಡು ಸಾಲು ಹಾಡಿದರು, ಮುಖಗಳು ಮಸುಕಾದವು, ಚಕ್ರ ತಿರುಗತೊಡಗಿತು. ‘ಇದಕ್ಕಿಂತ ಡಿಶ್ಶೇ ವಾಸಿಯಾಗಿತ್ತಲ್ಲ ಮಾರಾಯ’ ಎಂದು ಅಮ್ಮ ಅಡಿಕೆ ಕತ್ತರಿಸುತ್ತಲೇ ತೀರ್ಪು ಕೊಟ್ಟರು.

ಇಂಟರ್ನೆಟ್ ಚಿತ್ರ ಮನೆಗೆ ಬರುವ ಬಗೆಯನ್ನು ಇಲ್ಲಿ ತಿಳಿದಿರಬೇಕು. ಒಂದೇ ದೃಶ್ಯವನ್ನು ಪ್ರಸಾರ ಮಾಡುವವರು ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿ, ಪ್ರತಿಯೊಂದನ್ನೂ ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ನಮ್ಮ ಸ್ಟಿಕ್ ಒಂದು ತುಂಡು ಬರಲು ಎಷ್ಟು ಹೊತ್ತಾಯಿತೆಂದು ಅಳೆದು, ಮುಂದಿನ ತುಂಡನ್ನು ಯಾವ ಗುಣಮಟ್ಟದಲ್ಲಿ ಕೇಳಬೇಕೆಂದು ತಾನೇ ನಿರ್ಧರಿಸುತ್ತದೆ. ಆದ್ದರಿಂದ ಮೊದಲು ಚಿತ್ರ ಮಸುಕಾಗುವುದು ಸ್ಟಿಕ್ ಹೊಂದಿಕೊಳ್ಳುತ್ತಿರುವ ಲಕ್ಷಣ. ಚಕ್ರ ತಿರುಗುವುದು ಕೂಡಿಟ್ಟ ತುಂಡುಗಳೆಲ್ಲ ಮುಗಿದವೆಂಬ ಲಕ್ಷಣ. ಸಿನಿಮಾ ಆದರೆ ಮುಂದಿನ ಒಂದೆರಡು ನಿಮಿಷದ ಭಾಗವನ್ನು ಮೊದಲೇ ತಂದಿಟ್ಟುಕೊಳ್ಳಬಹುದು. ನೇರ ಪ್ರಸಾರದಲ್ಲಿ ಮುಂದಿನದು ಇನ್ನೂ ನಡೆದೇ ಇಲ್ಲದಿರುವುದರಿಂದ ಕೂಡಿಡಲು ಹೆಚ್ಚೇನೂ ಇರುವುದಿಲ್ಲ. ಸಿನಿಮಾ ಸರಾಗವಾಗಿ ಓಡುವ ಮನೆಯಲ್ಲಿ ಕ್ರಿಕೆಟ್ ಮಾತ್ರ ತಡವರಿಸುವುದು ಇದರಿಂದಲೇ. ಈ ತುಂಡು ಕತ್ತರಿಸಿ ಕಳುಹಿಸುವ ಕ್ರಮದಿಂದಾಗಿ ನೇರ ಪ್ರಸಾರವೂ ಡಿಟಿಎಚ್‌ಗಿಂತ ಸಾಮಾನ್ಯವಾಗಿ ಹಿಂದೆ ಬಿದ್ದಿರುತ್ತದೆ. ಪಕ್ಕದ ಮನೆಯವರು ಡಿಶ್ಶಿನಲ್ಲಿ ಪಂದ್ಯ ನೋಡುತ್ತಿದ್ದರೆ ವಿಕೆಟ್ ಬಿದ್ದ ಸುದ್ದಿ ಅವರ ಕೂಗಿನಿಂದಲೇ ನಮಗೆ ಮೊದಲು ತಿಳಿಯುತ್ತದೆ, ಅದಕ್ಕೆ ಮದ್ದಿಲ್ಲ.

ಹಾಗಾದರೆ ವೇಗ ಎಷ್ಟು ಬೇಕು? ಪೂರ್ಣ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್ ಸಾಕೆಂದು ನೆಟ್‌ಫ್ಲಿಕ್ಸ್, ಯೂಟ್ಯೂಬ್ ಎರಡೂ ಹೇಳುತ್ತವೆ. ನಮ್ಮದು 100ರ ಸಂಪರ್ಕ. ಆದರೂ ಸಾಲಲಿಲ್ಲವೆಂದರೆ ನಡುವೆ ಎಲ್ಲಿಯೋ ಸೋರಿಕೆ ಇರಬೇಕೆಂದು ಫೋನಿನಲ್ಲಿ ವೇಗ ಅಳೆಯುತ್ತ ಮನೆಯುದ್ದಕ್ಕೂ ನಡೆದೆ. ವಿದ್ಯುತ್ ಕಂಬ ಹಿತ್ತಿಲ ಕಡೆ ಇರುವುದರಿಂದ ಫೈಬರ್ ಹಿಂದಿನ ಕೋಣೆಗೆ ಬಂದಿದೆ, ರೂಟರ್ ಅಲ್ಲಿಯೇ ಇದೆ. ಅದರ ಎದುರು ನಿಂತಾಗ 94. ನಡುಮನೆಯಲ್ಲಿ 31. ಜಗಲಿಯಲ್ಲಿ ಟಿ.ವಿ.ಯ ಕೆಳಗೆ ವೇಗ ಹೆಚ್ಚಿದ್ದರೂ ಗೋಡೆ ದಾಟಲು ಸೋಲುವ 5 ಗಿಗಾಹರ್ಟ್ಸ್ ವೈ-ಫೈ ಕಾಣಿಸಲೇ ಇಲ್ಲ, ಅದಕ್ಕಿಂತ ದೂರ ಸಾಗುವ 2.4 ಗಿಗಾಹರ್ಟ್ಸಿನಲ್ಲಿ ಒಮ್ಮೆ 7, ಒಮ್ಮೆ 2, ಹೆಬ್ಬಾಗಿಲು ಹಾಕಿದಾಗ 1ಕ್ಕಿಂತ ಕಡಿಮೆ. ನಡುವೆ ಇರುವುದು ಮೂರು ಜಂಬಿಟ್ಟಿಗೆ ಗೋಡೆಗಳು, ಒಂದೊಂದೂ ಒಂದೂವರೆ ಅಡಿ ದಪ್ಪ, ಮಳೆಗಾಲದಲ್ಲಿ ಶೀತ ಹೀರಿಕೊಂಡು ನಿಂತವು. ನೂರಿನ ಬದಲು ಮುನ್ನೂರರ ಪ್ಲಾನ್ ಹಾಕಿಸಿದ್ದರೂ ಜಗಲಿಗೆ ತಲುಪುತ್ತಿದ್ದುದು ಆ ಎರಡು-ಏಳೇ. ಹೆಚ್ಚು ವೇಗದ ಪ್ಲಾನಿಗೆ ಹಣ ಸುರಿಯುವ ಮೊದಲು ಟಿ.ವಿ. ಇರುವ ಜಾಗದಲ್ಲಿ ನಿಂತು ಒಮ್ಮೆ ಅಳೆದು ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ರೂಟರನ್ನೇ ಜಗಲಿಗೆ ತರಬಹುದಿತ್ತು. ಆದರೆ ಫೈಬರ್ ವೈರನ್ನು ನಾವಾಗಿ ಎಳೆದು ಬಾಗಿಸುವಂತಿಲ್ಲ. ತೀರಾ ಮಡಿಸಿದಲ್ಲಿ ಗಾಜಿನ ಎಳೆಯಿಂದ ಬೆಳಕು ಸೋರಿಹೋಗುತ್ತದೆ, ಉದ್ದ ಸಾಲದಿದ್ದರೆ ಜೋಡಿಸಲು ಸ್ಪ್ಲೈಸಿಂಗ್ ಯಂತ್ರದವರೇ ಬರಬೇಕು. ಪೇಟೆಯ ಅಂಗಡಿಯವರು ವೈ-ಫೈಯನ್ನು ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ತೋರಿಸಿದರು. ಅಗ್ಗದ ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮರಳಿ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಿಗ್ನಲ್ ಇಲ್ಲದ ಜಾಗದಲ್ಲಿ ಇಟ್ಟರೆ ಅದಕ್ಕೂ ಸಿಗ್ನಲ್ ಇರುವುದಿಲ್ಲ. ಅದೇ ಅಂಗಡಿಯಲ್ಲಿ ‘ಎಲ್ಲ ಚಾನೆಲ್ ಫ್ರೀ’ ಎಂಬ ಪೆಟ್ಟಿಗೆಯೊಂದನ್ನೂ ತೋರಿಸಲಾಯಿತು. ಕದ್ದ ವಾಹಿನಿಗಳನ್ನು ತೋರಿಸುವ, ಎಲ್ಲಿಂದಲೋ ತಂದ ಆ್ಯಪ್‌ಗಳು ತುಂಬಿದ ಪೆಟ್ಟಿಗೆಯನ್ನು ಬ್ಯಾಂಕಿನ ಆ್ಯಪ್ ಇರುವ ಫೋನುಗಳ ಜೊತೆ ಒಂದೇ ಜಾಲದಲ್ಲಿ ಕೂರಿಸುವಷ್ಟು ಧೈರ್ಯ ನನಗಿಲ್ಲ. ಕೊನೆಗೆ ರೂಟರಿನಿಂದ ಜಗಲಿಯವರೆಗೆ ಕೇಬಲ್ಲನ್ನೇ ಎಳೆಯುವುದೆಂದು ನಿರ್ಧರಿಸಿ 30 ಮೀಟರ್ ಕ್ಯಾಟ್-6 ನೆಟ್‌ವರ್ಕ್ ಕೇಬಲ್, ಅದರ ತುದಿಗೆ ಹಾಕುವ ಹತ್ತು ಕನೆಕ್ಟರ್, ಅರ್ಧ ಇಂಚಿನ ಪಿವಿಸಿ ಪೈಪು ಕೊಂಡು ಮರಳಿದೆ.

ಭಾನುವಾರ ಪೂರ್ತಿ ಅಟ್ಟದ ಮೇಲೆ

ಕೇಬಲ್ ಎಳೆದ ದಾರಿ ಹಿಂದಿನ ಕೋಣೆಯಿಂದ ಅಟ್ಟಕ್ಕೆ, ಅಟ್ಟದ ಅಂಚಿನಲ್ಲೇ ನಡುಮನೆ ದಾಟಿ ಜಗಲಿಗೆ. ಪೈಪು ಏಕೆಂದರೆ ಇಲಿ. ಹಂಚಿನ ಮನೆಯ ಅಟ್ಟದಲ್ಲಿ ಬರಿಯ ಕೇಬಲ್ಲನ್ನು ಬಿಟ್ಟರೆ ಒಂದು ಮಳೆಗಾಲ ಉಳಿಯುವುದಿಲ್ಲ. ಮೊದಲು ಪೈಪಿನೊಳಗೆ ಸಪೂರ ತಂತಿ ತೂರಿಸಿ, ಅದರ ತುದಿಗೆ ಕೇಬಲ್ ಕಟ್ಟಿ, ಒಂದು ಕಡೆ ಅಪ್ಪಯ್ಯ ಬಿಡುತ್ತ ಇನ್ನೊಂದು ಕಡೆ ನಾನು ಎಳೆಯುತ್ತ ಹೋದೆವು. ಕನೆಕ್ಟರನ್ನು ಕೇಬಲ್ ಎಳೆದಾದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಬೆಂಡಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಕನೆಕ್ಟರಿನ ಚಿಲಕ ಕೆಳಗಿರುವಂತೆ ಹಿಡಿದಾಗ ಕೇಬಲ್ಲಿನೊಳಗಿನ ಎಂಟು ಎಳೆಗಳ ಬಣ್ಣದ ಕ್ರಮ ಎಡದಿಂದ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ನಾಲ್ಕನೆಯದಾದ ನೀಲಿಯ ನಂತರ ಹಸಿರು ಆರನೆಯ ಸ್ಥಾನಕ್ಕೆ ಹಾರುವುದನ್ನು ಗಮನಿಸಿ. ಹೊಸಬರು ಹಸಿರು ಜೋಡಿಯನ್ನು ಒಟ್ಟಿಗೆ ಕೂರಿಸಿ ಎಡವುವುದು ಅಲ್ಲಿಯೇ. ನಾನು ಕ್ರಮ ತಪ್ಪಲಿಲ್ಲ, ಆದರೆ ಪ್ರತಿ ಎಳೆಗೂ ಒಂದು ದೀಪ ಹತ್ತಿಸಿ ತೋರಿಸುವ ಟೆಸ್ಟರ್ ಚುಚ್ಚಿದಾಗ 6ನೆಯ ದೀಪ ಹತ್ತಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದರೆ ಹಸಿರು ಎಳೆ ಕನೆಕ್ಟರಿನ ತುದಿಯವರೆಗೆ ತಲುಪದೆ ಕೂದಲೆಳೆಯಷ್ಟು ಹಿಂದೆ ನಿಂತಿತ್ತು. 100 ಎಂಬಿಪಿಎಸ್ ಸಂಪರ್ಕಕ್ಕೆ ಬೇಕಾದದ್ದು 1, 2, 3, 6 ಈ ನಾಲ್ಕೇ ಎಳೆಗಳು. ಕಂದು ತಪ್ಪಿದ್ದರೆ ಹೇಗೋ ನಡೆಯುತ್ತಿತ್ತು, ಹಸಿರು ತಪ್ಪಿದ್ದರಿಂದ ನಡೆಯಲಿಲ್ಲ. ಕನೆಕ್ಟರನ್ನು ಕತ್ತರಿಸಿ, ಎಂಟೂ ಎಳೆಗಳನ್ನು ನೇರಮಾಡಿ ಒಂದೇ ಸಮಕ್ಕೆ ಕತ್ತರಿಸಿ ಮತ್ತೆ ಒತ್ತಿದೆ. ಹೊರಗಿನ ಸಿಪ್ಪೆ ಕನೆಕ್ಟರಿನೊಳಗೆ ಸ್ವಲ್ಪ ಹೋಗಿರಬೇಕೆಂಬುದನ್ನೂ ಮರೆಯಬಾರದು, ಇಲ್ಲವಾದರೆ ಎಳೆದಾಗ ಭಾರವೆಲ್ಲ ಎಳೆಗಳ ಮೇಲೆ ಬೀಳುತ್ತದೆ.

ಜಗಲಿಯ ತುದಿಗೆ ಬೆಂಗಳೂರಿನ ನನ್ನ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ರೂಟರನ್ನು ಹಾಕಿದೆ. ಟಿ.ವಿ.ಗಷ್ಟೇ ಆಗಿದ್ದರೆ ಸ್ಟಿಕ್ಕಿಗೆ ನೇರವಾಗಿ ಕೇಬಲ್ ಚುಚ್ಚುವ ಅಡಾಪ್ಟರ್ ಸಾಕಿತ್ತು. ಜಗಲಿಯಲ್ಲಿ ಫೋನಿಗೂ ಸಿಗ್ನಲ್ ಬೇಕಿದ್ದರಿಂದ ಈ ದಾರಿ. ಕೇಬಲ್ಲನ್ನು ಅದರ ‘ವ್ಯಾನ್’ ಎಂದು ಬರೆದ, ಹೊರಗಿನ ಇಂಟರ್ನೆಟ್ ಬರುವ ಪೋರ್ಟಿಗೆ ಹಾಕಿದೆ, ವೈ-ಫೈಗೆ ಜಗಲಿ ಎಂದೇ ಹೆಸರಿಟ್ಟೆ, ಸ್ಟಿಕ್ಕನ್ನು ಅದಕ್ಕೆ ಜೋಡಿಸಿದೆ. ವೇಗ 46. ಯಕ್ಷಗಾನ ಕನ್ನಡಿಯಂತೆ ಓಡಿತು. ಅಟ್ಟದ ಧೂಳನ್ನು ತೊಳೆದುಕೊಳ್ಳಲು ಬಚ್ಚಲಿಗೆ ಹೋದೆ.

ಮರಳಿ ಬರುವಷ್ಟರಲ್ಲಿ ಹೊಸ ತಕರಾರು. ಅಪ್ಪಯ್ಯನಿಗೆ ರಿಮೋಟಿನಲ್ಲಿ ಅಕ್ಷರ ಹುಡುಕುವುದು ಸಾಧ್ಯವಿಲ್ಲ. ಫೋನಿನಲ್ಲಿ ಕನ್ನಡದಲ್ಲೇ ಮಾತನಾಡಿ ಪ್ರಸಂಗದ ಹೆಸರು ಹುಡುಕಿ, ಮೂಲೆಯಲ್ಲಿರುವ ಕಾಸ್ಟ್ ಗುರುತನ್ನು ಒತ್ತಿ ಟಿ.ವಿ.ಗೆ ಕಳುಹಿಸುವುದನ್ನು ಬೆಳಿಗ್ಗೆಯೇ ಕಲಿಸಿದ್ದೆ. ಈಗ ಅವರು ನಡುಮನೆಯಲ್ಲಿ ಕುಳಿತು ಒತ್ತಿದರೆ ‘ಟಿ.ವಿ. ಕಾಣಿಸುತ್ತಿಲ್ಲ’. ತಪ್ಪು ನನ್ನದೇ. ವ್ಯಾನ್ ಪೋರ್ಟಿಗೆ ಹಾಕಿದ್ದರಿಂದ ಹಳೆಯ ರೂಟರ್ ತನ್ನದೇ ಬೇರೆ ಜಾಲವನ್ನು ಕಟ್ಟಿಕೊಂಡಿತ್ತು: ಜಾಲದ ಪ್ರತಿ ಸಾಧನಕ್ಕೂ ಅಂಕಿಗಳ ಒಂದು ವಿಳಾಸವಿರುತ್ತದೆ, ಹಿಂದಿನ ಕೋಣೆಯದು 192.168.1ರಿಂದ ಆರಂಭವಾಗುವ ವಿಳಾಸಗಳು, ಜಗಲಿಯದು 192.168.0. ಇಂಟರ್ನೆಟ್ ಎರಡು ಬಾಗಿಲು ದಾಟಿ ಬರುತ್ತಿತ್ತು, ಆದರೆ ‘ಇಲ್ಲಿ ಟಿ.ವಿ. ಇದೆಯೇ’ ಎಂದು ಫೋನ್ ಕೂಗುವ ಕೂಗು ತನ್ನ ಜಾಲದ ಒಳಗಷ್ಟೇ ಕೇಳಿಸುವಂಥದ್ದು. ಒಂದೇ ಮಾಡಿನ ಕೆಳಗೆ ಎರಡು ಒಲೆ ಹೂಡಿದ ಹಾಗಾಗಿತ್ತು.

ಸರಿಪಡಿಸಿದ್ದು ಹೀಗೆ. ಹಳೆಯ ರೂಟರಿನ ಸೆಟ್ಟಿಂಗ್ ಪುಟಕ್ಕೆ ಹೋಗಿ ಅದರ ಸ್ವಂತ ವಿಳಾಸವನ್ನು 192.168.1.2 ಮಾಡಿದೆ, ಮುಖ್ಯ ರೂಟರ್ ಬೇರೆ ಸಾಧನಗಳಿಗೆ ವಿಳಾಸ ಹಂಚುವುದು 10ರಿಂದ ಮುಂದಕ್ಕೆ ಎಂದು ಮೊದಲೇ ನೋಡಿಕೊಂಡಿದ್ದರಿಂದ ಘರ್ಷಣೆಯ ಭಯವಿರಲಿಲ್ಲ. ಬಳಿಕ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಹಳೆಯದರಲ್ಲಿ ನಿಲ್ಲಿಸಿದೆ. ಕೊನೆಗೆ ಕೇಬಲ್ಲನ್ನು ವ್ಯಾನ್‌ನಿಂದ ಕಿತ್ತು ಪಕ್ಕದ, ಮನೆಯೊಳಗಿನ ಸಾಧನಗಳಿಗಾಗಿ ಇರುವ ಲ್ಯಾನ್ ಪೋರ್ಟಿಗೆ ಹಾಕಿದೆ. ಈ ಮೂರನ್ನೂ ಇದೇ ಕ್ರಮದಲ್ಲಿ ಮಾಡಬೇಕು. ಕೇಬಲ್ಲನ್ನು ಮೊದಲೇ ಬದಲಿಸಿದರೆ ಒಂದೇ ಮನೆಯಲ್ಲಿ ಇಬ್ಬರು ಯಜಮಾನರು ವಿಳಾಸ ಹಂಚತೊಡಗಿ ಎಲ್ಲ ಫೋನುಗಳೂ ದಿಕ್ಕು ತಪ್ಪುತ್ತವೆ. ಕೆಲವು ರೂಟರ್‌ಗಳಲ್ಲಿ ‘ಆ್ಯಕ್ಸೆಸ್ ಪಾಯಿಂಟ್ ಮೋಡ್’ ಎಂಬ ಒಂದೇ ಗುಂಡಿ ಇದನ್ನೆಲ್ಲ ತಾನೇ ಮಾಡುತ್ತದೆ, ನನ್ನದರಲ್ಲಿ ಇರಲಿಲ್ಲ. 2.4 ಗಿಗಾಹರ್ಟ್ಸಿನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11. ಹಿಂದಿನದಕ್ಕೆ 1, ಜಗಲಿಯದಕ್ಕೆ 11 ಕೊಟ್ಟೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮೂವತ್ತು ಮನೆಗಳ ವೈ-ಫೈ ನುಗ್ಗಾಟದಲ್ಲಿ ಈ ಮೂರೂ ತುಂಬಿರುತ್ತವೆ. ಇಲ್ಲಿ ಪಕ್ಕದ ಮನೆ ತೋಟದಾಚೆ ಇರುವುದರಿಂದ ಗಾಳಿಯೆಲ್ಲ ನಮ್ಮದೇ.

ಕರೆಂಟು, ರಿಮೋಟು

ಜಗಲಿಯ ಪ್ಲಗ್ಗಿಗೆ ಇನ್ವರ್ಟರ್ ಇದೆ, ಹಿಂದಿನ ಕೋಣೆಗೆ ಇಲ್ಲ. ಕರೆಂಟು ಹೋದರೆ ಟಿ.ವಿ. ಉರಿಯುತ್ತದೆ, ಇಂಟರ್ನೆಟ್ ಆರುತ್ತದೆ. ಸೋಮವಾರ ಬೆಳಿಗ್ಗೆ ಮುಖ್ಯ ರೂಟರಿಗೊಂದು ಮಿನಿ ಯುಪಿಎಸ್, ಅಂದರೆ ಕರೆಂಟು ಹೋದಾಗ ಅದನ್ನು ನಡೆಸುವ ಪುಟ್ಟ ಬ್ಯಾಟರಿ ಪೆಟ್ಟಿಗೆ, ತಂದೆ. ಕೊಳ್ಳುವ ಮುಂಚೆ ರೂಟರಿನ ಅಡಾಪ್ಟರಿನ ಮೇಲೆ ಬರೆದದ್ದನ್ನು ಓದಿಕೊಳ್ಳಬೇಕು. ನಮ್ಮ ಮುಖ್ಯ ರೂಟರ್ 12 ವೋಲ್ಟಿನದು, ಹಳೆಯದು 9 ವೋಲ್ಟಿನದು. ಪಿನ್ ಎರಡಕ್ಕೂ ಒಂದೇ ಗಾತ್ರದ್ದಾದ್ದರಿಂದ ಅದಲುಬದಲಾದರೆ 9ರದು ಸುಟ್ಟೀತು. ಎರಡೂ ಅಡಾಪ್ಟರ್‌ಗಳಿಗೆ ಬಣ್ಣದ ಟೇಪು ಸುತ್ತಿಟ್ಟೆ. ಯುಪಿಎಸ್ ಮೇಲೆ 8,000 ಎಂಎಎಚ್ ಎಂದಿದ್ದರೂ ಅದು 3.7 ವೋಲ್ಟಿನ ಲೆಕ್ಕ, ಅಂದರೆ ಸುಮಾರು 30 ವ್ಯಾಟ್-ಅವರ್. 12 ವೋಲ್ಟಿಗೆ ಏರಿಸುವಾಗಿನ ನಷ್ಟ ಕಳೆದು 8 ವ್ಯಾಟ್ ತಿನ್ನುವ ರೂಟರನ್ನು ಮೂರು ಗಂಟೆ ನಡೆಸಬಹುದೆಂದು ಲೆಕ್ಕ ಹಾಕಿದ್ದೆ. ಮೂರು ಗಂಟೆಗೆ ಹತ್ತು ನಿಮಿಷ ಕಡಿಮೆ ನಡೆಯಿತು.

ಗುಡುಗಿನ ವಿಚಾರದಲ್ಲಿ ಅಮ್ಮನ ಪದ್ಧತಿಯೇ ಸರಿ: ಆಕಾಶ ಗುಡುಗಿದೊಡನೆ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವುದು. ಹಿಂದೆ ತಾಮ್ರದ ಟೆಲಿಫೋನ್ ತಂತಿಯಲ್ಲಿ ಇಂಟರ್ನೆಟ್ ಬರುತ್ತಿದ್ದ ಕಾಲದಲ್ಲಿ ಸಿಡಿಲಿಗೆ ಎರಡು ಮೋಡೆಮ್ ಕಳೆದುಕೊಂಡಿದ್ದೆವು. ಗಾಜಿನ ಎಳೆಯ ಮೂಲಕ ಸಿಡಿಲು ಒಳಬಾರದಿದ್ದರೂ ವಿದ್ಯುತ್ ಪ್ಲಗ್ಗಿನ ದಾರಿ ತೆರೆದೇ ಇರುತ್ತದೆ.

ರಿಮೋಟಿನ ಕೆಲಸ ಸಣ್ಣದಾದರೂ ಎಲ್ಲವೂ ನಿಂತಿರುವುದು ಅದರ ಮೇಲೆಯೇ. ಟಿ.ವಿ.ಗೊಂದು, ಡಿಶ್ಶಿಗೊಂದು, ಸ್ಟಿಕ್ಕಿಗೊಂದು ಎಂದು ಮೂರು ರಿಮೋಟ್ ಕೈಗೆ ಕೊಟ್ಟರೆ ಹಿರಿಯರು ಮೂರನ್ನೂ ಬಿಟ್ಟುಬಿಡುತ್ತಾರೆ. ಟಿ.ವಿ.ಯ ಮೆನುವಿನಲ್ಲಿ ಎಚ್‌ಡಿಎಂಐ-ಸಿಇಸಿ ಎಂಬುದನ್ನು ಚಾಲೂ ಮಾಡಿದರೆ ಸ್ಟಿಕ್ಕಿನ ರಿಮೋಟೇ ಟಿ.ವಿ.ಯನ್ನು ಎಬ್ಬಿಸಿ, ತನ್ನ ಪೋರ್ಟಿಗೆ ತಿರುಗಿಸಿಕೊಳ್ಳುತ್ತದೆ. ಕಂಪನಿಗಳು ಇದಕ್ಕೆ ಬೇರೆ ಬೇರೆ ಹೆಸರಿಟ್ಟಿವೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಮೊದಲ ಪರದೆಯಲ್ಲಿದ್ದ ಇಪ್ಪತ್ತು ಆ್ಯಪ್‌ಗಳಲ್ಲಿ ನಾಲ್ಕನ್ನು ಉಳಿಸಿ ಮಿಕ್ಕವನ್ನು ತೆಗೆದೆ. ಉಳಿದವುಗಳಲ್ಲೊಂದು ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ ತಂದ ವೇವ್ಸ್. ದೂರದರ್ಶನದ ವಾಹಿನಿಗಳನ್ನು ನೋಡಲು ಅದಿದೆ. ಹಣ ಕೊಡುವ ಚಂದಾ ಒಂದನ್ನೇ ಹಾಕಿಸಿ, ರಿಮೋಟಿನಿಂದ ಖರೀದಿ ನಡೆಯದಂತೆ ಪಿನ್ ಇಟ್ಟೆ. ತಾನಾಗಿ ಹಣ ಕಡಿತವಾಗುವ ಚಂದಾಗಳಿಗೆ 24 ಗಂಟೆ ಮೊದಲು ಸಂದೇಶ ಬರಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಆ ಸಂದೇಶ ನನ್ನ ಫೋನಿಗೆ ಬರುವಂತೆ ನನ್ನ ಕಾರ್ಡನ್ನೇ ಕೊಟ್ಟಿದ್ದೇನೆ.

ಡೇಟಾ ಎಷ್ಟು ಖರ್ಚಾಗುತ್ತದೆಂದು ಕೇಳುವವರಿಗೆ: 5 ಎಂಬಿಪಿಎಸ್‌ನಲ್ಲಿ ಗಂಟೆಗೆ ಎರಡೂಕಾಲು ಜಿಬಿ. ದಿನಕ್ಕೆ ಐದು ಗಂಟೆ ನೋಡಿದರೂ ತಿಂಗಳಿಗೆ 340 ಜಿಬಿಯ ಒಳಗೆ. ಫೋನಿನ ಹಾಟ್‌ಸ್ಪಾಟಿನಿಂದ ನಡೆಸಿದರೆ ದಿನದ 2 ಜಿಬಿ ಒಂದು ಗಂಟೆಯೊಳಗೇ ಮುಗಿಯುತ್ತದೆ.

ಸೋಮವಾರ ಮಧ್ಯಾಹ್ನದ ಬಸ್ಸಿಗೆ ಹೊರಟೆ. ಮುಂದಿನ ಮೂರು ವಾರ ಮಳೆ ಎಷ್ಟೇ ಹೊಯ್ದರೂ ದೂರು ಬರಲಿಲ್ಲ. ಆಗಸ್ಟ್ ಮೊದಲ ವಾರ ಅಪ್ಪಯ್ಯ ಫೋನ್ ಮಾಡಿ, ರೂಟರಿನಲ್ಲಿ ಕೆಂಪು ದೀಪ ಮಿನುಗುತ್ತಿದೆ ಎಂದರು. ಅದರ ಕೆಳಗೆ ಏನು ಬರೆದಿದೆ ಎಂದು ಕೇಳಿದರೆ ‘ಎಲ್‌ಓಎಸ್’ ಎಂದು ಓದಿದರು, ಅಂದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ರಾತ್ರಿಯ ಗಾಳಿಗೆ ತೋಟದಂಚಿನ ಹಲಸಿನ ಕೊಂಬೆ ಮುರಿದು ಕಂಬದ ತಂತಿಗಳ ಮೇಲೆ ಬಿದ್ದಿತ್ತಂತೆ. ಸ್ಪ್ಲೈಸಿಂಗ್ ಮಾಡುವವರು ಬರಲು ಎರಡು ದಿನವಾಯಿತು. ಆ ಎರಡು ದಿನ ಮಳೆ ಬಿಡುವು ಕೊಟ್ಟಾಗಲೆಲ್ಲ ಅಪ್ಪಯ್ಯ ಡಿಶ್ಶಿನಲ್ಲೇ ವಾರ್ತೆ ನೋಡಿದರು. ಅದರ ರೀಚಾರ್ಜನ್ನು ನಿಲ್ಲಿಸುವ ಯೋಚನೆಯಲ್ಲಿದ್ದವನು ಈ ವರ್ಷದ್ದನ್ನೂ ಕಟ್ಟಿದ್ದೇನೆ.